ಇಳಿಯುವುದಕ್ಕೂ ಪಲ್ಲಕ್ಕಿಯೇ?

ಕಳೆದ ಶನಿವಾರ ಕೆನಡಾದ ವಿಸ್ಲರ್ ಬೆಟ್ಟದಲ್ಲಿ ದಿನವಿಡೀ ಸ್ನೋಬೋರ್ಡ್ ಮಾಡಿ, ಅಂದರೆ ಹಲಗೆಯ ಮೇಲೆ ನಿಂತು ಹಿಮದ ಇಳಿಜಾರಿನಲ್ಲಿ ಜಾರಿ, ಕೊನೆಗೆ ತಂತಿಯ ಮೇಲೆ ತೂಗಿಕೊಂಡು ಸಾಗುವ ಗೊಂಡೊಲಾದಲ್ಲಿ ಕುಳಿತು ಕೆಳಗಿಳಿದೆ. ಆ ಫೋಟೊ ಗೆಳೆಯರ ಗುಂಪಿಗೆ ಹೋದ ಕ್ಷಣದಿಂದ "ಹತ್ತುವುದಕ್ಕೆ ಸರಿ, ಇಳಿಯುವುದಕ್ಕೂ ಪಲ್ಲಕ್ಕಿಯೇ?" ಎಂಬ ಲೇವಡಿ ನಿಂತಿಲ್ಲ. ಒಬ್ಬೊಬ್ಬರಿಗೂ ಉತ್ತರ ಕೊಟ್ಟು ಸಾಕಾಗಿದೆ, ಇಲ್ಲಿ ಒಮ್ಮೆಲೇ ಬರೆದುಬಿಡುತ್ತೇನೆ.

ವ್ಯಾಂಕೂವರ್‌ನಿಂದ ವಿಸ್ಲರ್‌ಗೆ ಸುಮಾರು 120 ಕಿಲೋಮೀಟರ್. ಕತ್ತಲಿರುವಾಗಲೇ ಹೊರಟಿದ್ದೆವು. ದಾರಿಯಲ್ಲಿ ಸಿಗುವ ಸ್ಕ್ವಾಮಿಶ್ ಊರನ್ನು ದಾಟುವ ಹೊತ್ತಿಗೆ ಶುರುವಾದ ಮಳೆ ಬೆಟ್ಟದ ಬುಡ ತಲುಪಿದರೂ ಬಿಡಲಿಲ್ಲ. ಜೊತೆಗಿದ್ದವನು ನಮ್ಮ ಕಚೇರಿಯ ಹುಬ್ಬಳ್ಳಿ ಹುಡುಗ. ಕೆನಡಾದಲ್ಲಿ ಇದು ಅವನ ಎರಡನೆಯ ಚಳಿಗಾಲ. ಕಾರಿನಿಂದ ಇಳಿಯುವುದಕ್ಕೇ ಸಿದ್ಧನಿರಲಿಲ್ಲ. "ಅಕ್ಕಾ, ಇದು ಬರೀ ಮಳೆ. ಹಿಮ ಎಲ್ಲಿದೆ?"

ಹಿಮ ಮೇಲಿತ್ತು. ಶಾಂತಸಾಗರದ ಪಕ್ಕದ ಈ ಬೆಟ್ಟಗಳ ಗುಟ್ಟೇ ಅದು. ಸಾವಿರ ಮೀಟರ್ ಏರಿದರೆ ತಾಪಮಾನ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ವಿಸ್ಲರ್ ಹಳ್ಳಿ ಇರುವುದು ಸುಮಾರು 675 ಮೀಟರ್ ಎತ್ತರದಲ್ಲಿ, ಗೊಂಡೊಲಾ ಕೊನೆಯಾಗುವ ರೌಂಡ್‌ಹೌಸ್ ಸುಮಾರು 1,850ರಲ್ಲಿ. ಕೆಳಗೆ ಮೂರು ಡಿಗ್ರಿಯ ಮಳೆಯಿದ್ದರೆ ಮೇಲೆ ಮೈನಸ್ ನಾಲ್ಕರ ಆಸುಪಾಸಿನ ಹಿಮ. ನಡುವೆಲ್ಲೋ ನೀರು ಹಿಮವಾಗುವ ಒಂದು ಗೆರೆ. ಆ ಗೆರೆ ಗಂಟೆಗೊಮ್ಮೆ ಏರುತ್ತದೆ, ಇಳಿಯುತ್ತದೆ. ಶೃಂಗೇರಿ ಕಡೆಯವಳಾದ ನನಗೆ ಮಳೆಯ ಭಯವಿಲ್ಲ. ಕಂಬಳಿಕೊಪ್ಪೆಯ ಬದಲು ಜಲನಿರೋಧಕ ಜಾಕೆಟ್, ಅಷ್ಟೇ ವ್ಯತ್ಯಾಸ. ನನಗೆ ಭಯವಿರುವುದು ಆ ಗೆರೆಯ ಬಗ್ಗೆ.

ಗೊಂಡೊಲಾದ ಗಾಜಿನ ಮೇಲೆ ಹರಿಯುತ್ತಿದ್ದ ಹನಿಗಳು ಅರ್ಧ ದಾರಿಯಲ್ಲಿ ಅಂಟಿಕೊಳ್ಳತೊಡಗಿದವು, ಆಮೇಲೆ ಹತ್ತಿಯಾದವು. ಮೇಲಿನ ಕಣಿವೆಯಲ್ಲಿ ಹಿಮಕುಸಿತ ತಡೆಯುವ ಸಿಬ್ಬಂದಿ ಸ್ಫೋಟಕ ಸಿಡಿಸುವ ಸದ್ದು ಕೇಳಿಸುತ್ತಿತ್ತು. ರಥೋತ್ಸವದ ಗರ್ನಾಲಿನಂತೆಯೇ ಎದೆಗೆ ತಾಗುತ್ತದೆ. ಹುಡುಗನ ಮುಖ ಅಲ್ಲಿಗೆ ಅರಳಿತು.

ಬೆಳಗಿನ ಎರಡು ಗಂಟೆಗಳ ಬಗ್ಗೆ ಹೇಳುವುದು ಕಡಿಮೆ, ಏಕೆಂದರೆ ಸುಖದಲ್ಲಿ ಹೇಳಲು ಏನೂ ಇರುವುದಿಲ್ಲ. ಮೊಣಕಾಲುದ್ದದ ಹೊಸ ಹಿಮ. ಬಿದ್ದರೆ ಅಜ್ಜಿಯ ಹಾಸಿಗೆಯ ಮೇಲೆ ಬಿದ್ದಂತೆ.

ಹನ್ನೊಂದರ ನಂತರ ಮೋಡ ಕವಿಯಿತು. ಆಕಾಶವೂ ಬೆಳ್ಳಗೆ, ನೆಲವೂ ಬೆಳ್ಳಗೆ, ನೆರಳೇ ಇಲ್ಲ. ಏರು ಯಾವುದು, ಇಳಿಜಾರು ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ನಿಂತಿದ್ದೇನೆಂದುಕೊಂಡರೆ ಜಾರುತ್ತಿರುತ್ತೇವೆ. ಆಗ ಬಯಲು ಬಿಟ್ಟು ಮರಗಳ ಸಾಲಿನ ಪಕ್ಕ ಬರಬೇಕು. ಕಪ್ಪಗಿನ ಕಾಂಡಗಳು ಕಂಡರೆ ಕಣ್ಣಿಗೆ ಅಳತೆ ಸಿಗುತ್ತದೆ. ಆದರೆ ಮರದ ಬುಡಕ್ಕೆ ಹೋಗಬಾರದು. ಕೊಂಬೆಗಳ ಕೆಳಗೆ ಸಡಿಲ ಹಿಮದ ಗುಂಡಿಗಳಿರುತ್ತವೆ, ತಲೆಕೆಳಗಾಗಿ ಬಿದ್ದವರು ಉಸಿರುಕಟ್ಟಿ ಸತ್ತದ್ದುಂಟು.

ಊಟಕ್ಕೆ ರೌಂಡ್‌ಹೌಸ್‌ನಲ್ಲಿ ಕೂತು ಡಬ್ಬಿಯ ಪುಳಿಯೋಗರೆ ತಿಂದೆವು. ಎದ್ದು ಹೊರಟಾಗ ಆ ಗೆರೆ ಮೇಲೆ ಬಂದಿತ್ತು. ಅಲ್ಲಿಂದ ಕೆಳಕ್ಕೆ ಒಂದೇ ಬೆಟ್ಟದಲ್ಲಿ ಮೂರು ಬೆಟ್ಟ. ಮೊದಲ ಪಾಲಿನಲ್ಲಿ ಹಿಂದಿನ ದಿನದ ಮಳೆ ಹೆಪ್ಪುಗಟ್ಟಿ ಆದ ಗಾಜು, ಅದರ ಮೇಲೆ ತೆಳುವಾಗಿ ಹೊಸ ಹಿಮ. ತೊಳೆದ ಕಡಪ ಕಲ್ಲಿನ ಮೇಲೆ ರಂಗೋಲಿ ಪುಡಿ ಚೆಲ್ಲಿದ ಹಾಗೆ. ಹಲಗೆಯ ಅಂಚು ಕಚ್ಚುವುದಿಲ್ಲ, ಕರಕರ ಎಂದು ಅಡ್ಡಕ್ಕೆ ಜಾರುತ್ತದೆ. ಬಾಡಿಗೆಗೆ ತಂದ ನನ್ನ ಹಲಗೆಯ ಅಂಚಂತೂ ಅಡುಗೆಮನೆಯ ಹಳೆಯ ಚಾಕುವಿನಷ್ಟು ಮೊಂಡು. ಎರಡನೆಯ ಪಾಲಿನಲ್ಲಿ ತೂಕದ ಒದ್ದೆ ಹಿಮದ ಗುಡ್ಡೆಗಳು. ಮೂರನೆಯದು ನಾಟಿಗೆ ಹದ ಮಾಡಿದ ಗದ್ದೆ. ಸಮತಟ್ಟಾದ ದಾರಿಯಲ್ಲಿ ನೀರು ಹಲಗೆಯ ತಳವನ್ನು ಹೀರಿ ಹಿಡಿಯುತ್ತದೆ. ಕಾಲಿಗೊಂದು ಹಲಗೆ ಕಟ್ಟಿ ಸ್ಕೀ ಮಾಡುವವರ ಕೈಯಲ್ಲಿ ಕೋಲಿದೆ, ಊರಿಕೊಂಡು ಹೋಗುತ್ತಾರೆ. ನಾವು ಹಿಂದಿನ ಕಾಲನ್ನು ಬಿಚ್ಚಿ ಕುಂಟಬೇಕು.

ಎರಡೂ ಕಾಲು ಒಂದೇ ಹಲಗೆಗೆ ಬಿಗಿದಿರುವುದರಿಂದ ಸ್ನೋಬೋರ್ಡ್‌ನಲ್ಲಿ ತಪ್ಪಿಗೆ ಕ್ಷಮೆ ಕಡಿಮೆ. ಇಳಿಜಾರಿನ ಕಡೆಯ ಅಂಚು ಒಮ್ಮೆ ನೆಲಕ್ಕೆ ಸಿಕ್ಕಿತೋ, ಕಾಲು ಮುಂದಿಟ್ಟು ಸಾವರಿಸಿಕೊಳ್ಳುವ ದಾರಿಯೇ ಇಲ್ಲ. ಇಡೀ ದೇಹ ಬಾಗಿಲಿನಂತೆ ಬೀಳುತ್ತದೆ, ಕೈ ತಾನಾಗಿ ಮುಂದೆ ಹೋಗುತ್ತದೆ. ಕಲಿಯುವವರ ಮಣಿಕಟ್ಟು ಮುರಿಯುವುದು ಹೀಗೆ. ಗಾಜು, ಗುಡ್ಡೆ, ಕೆಸರು ಮೂರಕ್ಕೂ ತೂಕ ಹಾಕುವ ಲೆಕ್ಕ ಬೇರೆ. ಆ ಲೆಕ್ಕ ಬದಲಿಸಬೇಕಾದದ್ದು ಮಧ್ಯಾಹ್ನ ಮೂರಕ್ಕೆ, ತೊಡೆಗಳು ಮಾತು ಕೇಳುವುದನ್ನು ಬಿಟ್ಟ ಮೇಲೆ. ನನಗೆ ನಲವತ್ತೊಂದು. ಕಲಿತದ್ದು ಮೂವತ್ತಾರಕ್ಕೆ. ನನ್ನ ತೊಡೆ ಎಷ್ಟು ಹೊತ್ತು ಸುಳ್ಳು ಹೇಳದೆ ದುಡಿಯುತ್ತದೆ ಎಂದು ನನಗೆ ಗೊತ್ತು.

ಮೊದಲ ಎರಡು ಪಾಲು ಇಳಿದು, ಗೊಂಡೊಲಾದ ನಡುವಿನ ಒಲಿಂಪಿಕ್ ನಿಲ್ದಾಣದಲ್ಲಿ ಹಲಗೆ ಬಿಚ್ಚಿದೆ. ಹುಡುಗ ಒಪ್ಪಲಿಲ್ಲ. "ಇಷ್ಟು ದುಡ್ಡು ಕೊಟ್ಟಿದ್ದೇವೆ ಅಕ್ಕಾ, ಪೂರ್ತಿ ಇಳಿಯದಿದ್ದರೆ ಹೇಗೆ?"

ನನ್ನ ಜಗಳ ಇರುವುದು ಈ ಮಾತಿನ ಜೊತೆಗೆ. ಚಳಿಗಾಲದಲ್ಲಿ ಅಂದೇ ಕೊಂಡರೆ ಇಲ್ಲಿನ ಟಿಕೆಟ್ 200 ಡಾಲರ್ ದಾಟುತ್ತದೆ, ಒಪ್ಪುತ್ತೇನೆ. ಹಾಗೆಂದು ಮದುವೆ ಮನೆಯಲ್ಲಿ ಹೊಟ್ಟೆ ಬಿರಿದರೂ ಕೊನೆಯ ಜಹಾಂಗೀರ್ ಬಿಡದವರ ಹಾಗೆ ಬೆಟ್ಟವನ್ನು ತಳದವರೆಗೆ ಮುಗಿಸಲೇಬೇಕೇ? ಇಳಿಯುವ ಗೊಂಡೊಲಾ ಕೂಡ ಅದೇ ಟಿಕೆಟ್ಟಿನೊಳಗೇ ಬರುತ್ತದೆ. 2010ರ ಚಳಿಗಾಲದ ಒಲಿಂಪಿಕ್ಸ್‌ನ ಸ್ನೋಬೋರ್ಡ್ ಸ್ಪರ್ಧೆಗಳು ನಡೆದದ್ದು ವ್ಯಾಂಕೂವರ್ ಪಕ್ಕದ ಸೈಪ್ರೆಸ್ ಬೆಟ್ಟದಲ್ಲಿ. ಆ ವರ್ಷ ಅಲ್ಲಿ ಹಿಮ ಕರಗಿಹೋಗಿ, ಹುಲ್ಲಿನ ಕಂತೆಗಳನ್ನು ಪೇರಿಸಿ, ಲಾರಿಯಲ್ಲೂ ಹೆಲಿಕಾಪ್ಟರಿನಲ್ಲೂ ಬೇರೆಡೆಯಿಂದ ಹಿಮ ತಂದು ಸುರಿಯಬೇಕಾಯಿತು. ಒಲಿಂಪಿಕ್ಸ್‌ನ ದುಡ್ಡಿಗೇ ಬಗ್ಗದ ಮಳೆ ನನ್ನ ಟಿಕೆಟ್ಟಿಗೆ ಬಗ್ಗುತ್ತದೆಯೇ?

ಗೊಂಡೊಲಾದಲ್ಲಿ ನನ್ನೆದುರು ಅರವತ್ತು ದಾಟಿದ ಸ್ಥಳೀಯ ದಂಪತಿ ಕುಳಿತಿದ್ದರು. ಸ್ಕೀಗಳು ನನ್ನ ವಯಸ್ಸಿನವು. ಹುಟ್ಟಿದಾಗಿನಿಂದ ಈ ಬೆಟ್ಟದಲ್ಲೇ ಬೆಳೆದವರಂತೆ ಕಂಡರು, ನೀರು ಸುರಿಯುವ ಕೈಗವಸು ಹಿಂಡುತ್ತಾ ಕೆಳಗಿನ ಕೆಸರನ್ನು ನೋಡುತ್ತಿದ್ದರು. ಅವರಲ್ಲಿ ನಾಚಿಕೆಯ ಸುಳಿವಿರಲಿಲ್ಲ. ಡಬ್ಬಿಯಲ್ಲಿ ಉಳಿದಿದ್ದ ಚಕ್ಕುಲಿ ಕೊಟ್ಟೆ, ಆಕೆ ಎರಡು ತೆಗೆದುಕೊಂಡರು.

ನ್ಯಾಯವಾಗಿ ಇದನ್ನೂ ಹೇಳಬೇಕು: ಹುಡುಗನಿಗೆ ಏನೂ ಆಗಲಿಲ್ಲ. ಮುಕ್ಕಾಲು ಗಂಟೆಯ ನಂತರ ಕೊನೆಯ ತಿರುವಿನಲ್ಲಿ ಹಲಗೆ ಹೊತ್ತುಕೊಂಡು ನಡೆದು ಬಂದ, ಒಳ ಅಂಗಿಯವರೆಗೆ ತೊಯ್ದು, ಹಲ್ಲು ಕಿರಿಯುತ್ತಾ. "ನೋಡಿದಿರಾ ಅಕ್ಕಾ, ಬಂದೇಬಿಟ್ಟೆ!" ನನ್ನ ಅಭಿಪ್ರಾಯ ಅದರಿಂದ ಒಂದಿಂಚೂ ಕದಲಿಲ್ಲ. ಕಾರಿನ ಸೀಟಿಗೆ ಪ್ಲಾಸ್ಟಿಕ್ ಹಾಸಿ ಕೂರಿಸಿದೆ. ಸ್ಕ್ವಾಮಿಶ್ ಬರುವ ಮೊದಲೇ ಗೊರಕೆ ಶುರುವಾಗಿತ್ತು.