ಅಮೋನಿಯಾ ಇಲ್ಲದ ಬಣ್ಣಕ್ಕೂ ಚರ್ಮದ ಪರೀಕ್ಷೆ ಬೇಕು: ಒಂದು ಸ್ಪಷ್ಟನೆ

ಅಮೋನಿಯಾ ಇಲ್ಲದ ಕೂದಲ ಬಣ್ಣದಿಂದ ಅಲರ್ಜಿ ಆಗುವುದೇ ಇಲ್ಲ, ಹಾಗಾಗಿ ಹಚ್ಚುವ ಮೊದಲು ಚರ್ಮದ ಪರೀಕ್ಷೆ ಬೇಕಿಲ್ಲ, ಕಡುಗಪ್ಪು ಯಾವ ಗಂಡಸಿಗಾದರೂ ಒಪ್ಪುತ್ತದೆ ಎಂಬ ಸಂದೇಶವೊಂದು ಹರಿದಾಡುತ್ತಿದೆ. ಮೊದಲ ಎರಡು ಮಾತುಗಳು ತಪ್ಪು. ಮೂರನೆಯದು ಅರ್ಧ ಯೋಚಿಸಿ ಹೇಳಿದ್ದು.

ಅಮೋನಿಯಾದ ಮುಖ್ಯ ಕೆಲಸ ಕೂದಲಿನ ಹೊರಪದರವನ್ನು ಸಡಿಲಿಸಿ ಬಣ್ಣಕ್ಕೆ ಒಳದಾರಿ ಮಾಡಿಕೊಡುವುದು. ಅದಿಲ್ಲದ ಶಾಶ್ವತ ಬಣ್ಣಗಳಲ್ಲಿ ಸಾಮಾನ್ಯವಾಗಿ ಎಥನಾಲಮೀನ್ ಎಂಬ, ಘಾಟು ಕಡಿಮೆಯಿರುವ ಇನ್ನೊಂದು ಕ್ಷಾರ ಅದೇ ಕೆಲಸವನ್ನು ಮಾಡುತ್ತದೆ. ಅಲರ್ಜಿ ತರುವುದರಲ್ಲಿ ಕುಖ್ಯಾತವಾದದ್ದು ಪಿಪಿಡಿ ಎಂಬ, ಗಾಢ ವರ್ಣ ಕೊಡುವ ರಾಸಾಯನಿಕ. ಅಮೋನಿಯಾ ತೆಗೆದ ಮಾತ್ರಕ್ಕೆ ಅದು ಹೋಗುವುದಿಲ್ಲ. ‘ಕಪ್ಪು ಮದರಂಗಿ’ ಎಂದು ಮಾರುವ ಪುಡಿಯಲ್ಲಿಯೂ ಅದು ಇರಬಹುದು, ಏಕೆಂದರೆ ಮದರಂಗಿ ಸೊಪ್ಪು ತಾನಾಗಿ ಕೊಡುವುದು ಕೆಂಪು-ಕಿತ್ತಳೆಯನ್ನು ಮಾತ್ರ. ಆದ್ದರಿಂದ ಪೊಟ್ಟಣದ ಸೂಚನೆಯಂತೆ ಸ್ವಲ್ಪ ಬಣ್ಣವನ್ನು ಚರ್ಮಕ್ಕೆ ಹಚ್ಚಿ, ಸಾಮಾನ್ಯವಾಗಿ 48 ಗಂಟೆ ಕಾದು, ತುರಿಕೆ, ಕೆಂಪು, ಊತ ಇವೆಯೇ ಎಂದು ನೋಡಲೇಬೇಕು. ಹಿಂದೆ ಹತ್ತು ಸಲ ಹಚ್ಚಿ ಏನೂ ಆಗಿರಲಿಲ್ಲ ಎಂಬುದು ಖಾತರಿಯಲ್ಲ. ಈ ಅಲರ್ಜಿ ಬಳಸುತ್ತ ಬಳಸುತ್ತಲೇ ಹುಟ್ಟಬಲ್ಲದು.

ಇನ್ನು ಕಡುಗಪ್ಪಿನ ವಿಷಯ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಪಕ್ಕದ ಬೈತಲೆ ತೆಗೆದು ಎಣ್ಣೆಮಿಂಚಿನಲ್ಲಿ ಬಾಚಿದ ತಲೆಯಲ್ಲಿ, ಎರಡು-ಮೂರು ವಾರದೊಳಗೆ ಬೈತಲೆಯುದ್ದಕ್ಕೂ ಸುಣ್ಣದ ಗೆರೆ ಎಳೆದಂತೆ ಬಿಳಿ ಬುಡ ಕಾಣುತ್ತದೆ (ಕನ್ನಡಿಗಿಂತ ಮೊದಲು ಎದುರಿನವರಿಗೆ). ಹಾಗೆ ಬಾಚುವ ತಲೆಗೆ ಸಹಜ ಬಣ್ಣಕ್ಕಿಂತ ಒಂದು ಛಾಯೆ ತಿಳಿಯಾದ ಕಂದು ಹಚ್ಚಿ, ಕಿವಿಯ ಬಳಿಯ ನರೆಯನ್ನು ಹಾಗೆಯೇ ಬಿಡುವುದು ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.