ಸತ್ಯಾಂಶ: ಎಐ ಆ್ಯಪ್‌ಗೆ ನಾಳಿನ ಷೇರು ಬೆಲೆ ಗೊತ್ತಿರುತ್ತದೆಯೇ?

"ಈ ಎಐ ಆ್ಯಪ್ ಕಳೆದ ವರ್ಷಗಳ ಷೇರು ಬೆಲೆಯನ್ನು 95% ಸರಿಯಾಗಿ ಊಹಿಸಿದೆ, ಲಾಭ ಗ್ಯಾರಂಟಿ" ಎಂಬಂಥ ಸಂದೇಶಗಳು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತವೆ. ದಯವಿಟ್ಟು ನಂಬಬೇಡಿ.

ಹಳೆಯ ಬೆಲೆಗಳ ಮೇಲೆ ಗೆಲ್ಲುವುದು ಸುಲಭ. ಸಾವಿರ ಸೂತ್ರ ಹಾಕಿ ನೋಡಿದರೆ ಕೆಲವು ಸುಮ್ನೆ ಅದೃಷ್ಟದಿಂದಲೇ ಹೊಂದಿಕೊಳ್ಳುತ್ತವೆ. ಜಾಹೀರಾತಿನಲ್ಲಿ ಬರುವುದು ಗೆದ್ದವು ಮಾತ್ರ, ಅಲ್ವಾ? ಹಳೇ ಪ್ರಶ್ನೆಪತ್ರಿಕೆ ಬಾಯಿಪಾಠ ಮಾಡಿದ ಹುಡುಗನ ಹಾಗೆ, ಇಂಥ ಮಾಡೆಲ್ (ಬೆಲೆ ಊಹಿಸುವ ಸೂತ್ರ) ಹೊಸ ಪ್ರಶ್ನೆ ಬಂದಾಗ ತಡವರಿಸುತ್ತದೆ. ಇದನ್ನೇ ಓವರ್‌ಫಿಟಿಂಗ್ ಎನ್ನುವುದು.

ದೊಡ್ಡ ಸಂಸ್ಥೆಗಳು ಅಲ್ಗಾರಿದಂ ಬಳಸಿ ಗಳಿಸುತ್ತವೆ, ನಿಜ. ಆದರೆ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಂದಿನ 3 ಹಣಕಾಸು ವರ್ಷಗಳಲ್ಲಿ ಮುಂದಿನ ಬೆಲೆಯ ಮೇಲಿನ ಒಪ್ಪಂದಗಳಾದ ಷೇರು ಫ್ಯೂಚರ್ಸ್-ಆಪ್ಷನ್ಸ್‌ಗೆ ಇಳಿದ ಸಾಮಾನ್ಯ ಹೂಡಿಕೆದಾರರಲ್ಲಿ ಸುಮಾರು 93% ಜನ ಹಣ ಕಳೆದುಕೊಂಡಿದ್ದಾರೆ. ಸೆಬಿ ನೋಂದಣಿ ಇರುವ ಸಲಹೆಗಾರರು ಲಾಭದ ಗ್ಯಾರಂಟಿ ಕೊಡುವಂತೆಯೇ ಇಲ್ಲ.