ಕರಾಟೆ ಕಲಿಯಲು ಬಣ್ಣದ ಬೆಲ್ಟ್ ಬೇಕೆ?

ಪರ: ಬೆಲ್ಟ್ ಇರಲಿ, ಪಾಠಕ್ಕೊಂದು ಕ್ರಮವಿರಲಿ

ಬೆಲ್ಟನ್ನು ಹಳಿಯುವವರ ಮೊದಲ ಮಾತು ಸಾಮಾನ್ಯವಾಗಿ ಒಂದೇ: ಹಿಂದಿನವರ ಕಾಲದಲ್ಲಿ ಇದೆಲ್ಲ ಇರಲಿಲ್ಲ. ಒಪ್ಪೋಣ. ಡಾನ್ ಪದ್ಧತಿ, ಅಂದರೆ ಕಪ್ಪು ಬೆಲ್ಟಿನಿಂದ ಶುರುವಾಗುವ ದರ್ಜೆಗಳು, ಕರಾಟೆಗೆ ಬಂದದ್ದು ಜೂಡೊದಿಂದ. 1882ರಲ್ಲಿ ಕೊಡೊಕಾನ್ ಎಂಬ ಜೂಡೊ ಶಾಲೆ ಕಟ್ಟಿದ ಕಾನೊ ಜಿಗೊರೊ ಶಿಷ್ಯರಿಗೆ ಡಾನ್ ಕೊಡುವ ರೂಢಿ ಶುರು ಮಾಡಿದರು. 1922ರಲ್ಲಿ ಒಕಿನಾವಾದಿಂದ ಟೋಕಿಯೊಗೆ ಬಂದ ಫುನಾಕೋಶಿ ಗಿಚಿನ್ ಅದನ್ನೇ ಎತ್ತಿಕೊಂಡು, 1924ರಲ್ಲಿ ತಮ್ಮ ಶಿಷ್ಯರಿಗೆ ಕರಾಟೆಯ ಮೊದಲ ಡಾನ್‌ಗಳನ್ನು ಕೊಟ್ಟರು. ಬಿಳಿಗೂ ಕಪ್ಪಿಗೂ ನಡುವಿನ ಬಣ್ಣಗಳಿಗೆ ಇಂಬು ಸಿಕ್ಕಿದ್ದು ಹೆಚ್ಚಾಗಿ ಯುರೋಪಿನ ಜೂಡೊ ಕ್ಲಬ್ಬುಗಳಲ್ಲಿ.

ಎರವಲು ತಂದದ್ದೆಲ್ಲ ಬೇಡದ್ದೇ? ಬೆಲ್ಟ್ ಬರುವ ಮೊದಲೇ ಹಂತ ಹಂತವಾಗಿ ಕಲಿಸುವ ಯೋಚನೆ ಕರಾಟೆಯೊಳಗೆ ಹುಟ್ಟಿತ್ತು. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಇತೊಸು ಅಂಕೊ ಒಕಿನಾವಾದ ಶಾಲೆಗಳಿಗೆ ಕರಾಟೆ ತಂದರು. ಮಕ್ಕಳಿಗೆಂದೇ ಐದು ಪಿನಾನ್ ಕಟಾಗಳನ್ನು (ಒಬ್ಬರೇ ಮಾಡುವ, ಕ್ರಮ ಗೊತ್ತಾದ ಚಲನೆಗಳ ಸರಣಿಗಳನ್ನು) ರೂಪಿಸಿದರು. ಇಬ್ಬರು ಮೂವರನ್ನು ಎದುರಿಗೆ ನಿಲ್ಲಿಸಿಕೊಂಡು ವರ್ಷಗಟ್ಟಲೆ ಒಂದೇ ಕಟಾ ತಿದ್ದುವ ರೀತಿ ತುಂಬಿದ ತರಗತಿಗೆ ಒಗ್ಗುವುದಿಲ್ಲ ಎಂಬುದು ಅವರಿಗೆ ಗೊತ್ತಿದ್ದಿರಬೇಕು. ಆ ಐದು ಕಟಾಗಳೇ ಇಂದು ಶೋಟೊಕಾನ್ ಶೈಲಿಯಲ್ಲಿ ಹೇಯಾನ್ ಎಂಬ ಹೆಸರಿನಲ್ಲಿ ಒಂದೊಂದು ಗ್ರೇಡಿಂಗಿಗೆ (ಬೆಲ್ಟ್ ಪರೀಕ್ಷೆಗೆ) ಒಂದೊಂದರಂತೆ ಬರುತ್ತವೆ.

ಗ್ರೇಡಿಂಗಿನ ಒಳಗನ್ನು ನೋಡಿ. ಕಪ್ಪು ಬೆಲ್ಟಿಗೆ ಮುಂಚಿನ ದರ್ಜೆಗಳಿಗೆ ಕ್ಯು ಎನ್ನುತ್ತಾರೆ; ಹೊಸಬರು ಹತ್ತನೇ ಕ್ಯುನಿಂದ (ಕೆಲವೆಡೆ ಒಂಬತ್ತರಿಂದ) ಶುರು ಮಾಡಿ ಒಂದರವರೆಗೆ ಇಳಿಯುತ್ತಾರೆ, ಅಲ್ಲಿಂದ ಮುಂದೆ ಶೋಡಾನ್, ಅಂದರೆ ಬ್ಲ್ಯಾಕ್ ಬೆಲ್ಟ್. ಪ್ರತಿ ಪರೀಕ್ಷೆಯಲ್ಲೂ ಮೂರು ಭಾಗ: ಕಿಹೊನ್ (ಮೂಲ ಹೊಡೆತ, ತಡೆಗಳು), ಕಟಾ, ಕುಮಿಟೆ (ಎದುರಾಳಿಯೊಡನೆ ಕಾದಾಟ). ಈ ಪದ್ಧತಿಯ ಜಾಣತನ ಕಾಣುವುದು ಕುಮಿಟೆಯಲ್ಲಿ. ಶುರುವಿನಲ್ಲಿ ಗೊಹೊನ್ ಕುಮಿಟೆ: ಎದುರಾಳಿ ಐದು ಸಲ ಒಂದೇ ಹೊಡೆತ ಹೊಡೆಯುತ್ತಾ ಬರುತ್ತಾನೆ, ನೀವು ತಡೆಯುತ್ತಾ ಹಿಂದೆ ಸರಿದು ಕೊನೆಗೆ ತಿರುಗಿ ಹೊಡೆಯುತ್ತೀರಿ. ಆಮೇಲೆ ಇಪ್ಪೊನ್ ಕುಮಿಟೆ, ಒಂದೇ ಹೊಡೆತ. ಆಮೇಲೆ ಜಿಯು ಇಪ್ಪೊನ್: ಹೊಡೆತ ಯಾವುದೆಂದು ಗೊತ್ತು, ಯಾವ ಕ್ಷಣಕ್ಕೆ ಬರುತ್ತದೆಂದು ಗೊತ್ತಿಲ್ಲ. ಇಷ್ಟೆಲ್ಲ ಆದ ಮೇಲೆ ಮುಕ್ತ ಕಾದಾಟ. ಅಂತರ ಅಳೆಯಲು ಬಾರದ ಕಣ್ಣಿಗೆ ಮೊದಲ ದಿನವೇ ಮುಕ್ತ ಕುಮಿಟೆ ಕೊಟ್ಟರೆ ಮೂಗು ಒಡೆಯುತ್ತದೆ. ಇಲ್ಲವೇ ಹೆದರಿಕೆಯೇ ಅಭ್ಯಾಸವಾಗಿ ಉಳಿಯುತ್ತದೆ. ಎರಡನೆಯದನ್ನು ಬಿಡಿಸುವುದು ಹೆಚ್ಚು ಕಷ್ಟ.

ಬೆಲ್ಟಿನ ಕೆಲಸ ಕಣ್ಣಿಗೂ ಇದೆ. ಸಾಲಿನಲ್ಲಿ ಮೂವತ್ತು ಜನ ನಿಂತಿರುವಾಗ ಯಾರನ್ನು ಯಾರ ಜೊತೆ ಬಿಡಬಹುದು, ಯಾರಿಗೆ ಎಷ್ಟು ಬಲ ಹಾಕಬಹುದು ಎಂಬುದು ಬಣ್ಣ ನೋಡಿದರೆ ಗೊತ್ತಾಗುತ್ತದೆ. ಬೇರೆ ಊರಿನಿಂದ ಬಂದು ತರಬೇತಿ ನೀಡುವ ಸೆನ್ಸೈಗೂ ಅಷ್ಟೇ, ಪ್ರತಿಯೊಬ್ಬರ ಜಾತಕ ಕೇಳುತ್ತಾ ಕೂರಬೇಕಾಗಿಲ್ಲ.

ಇನ್ನು ಪರೀಕ್ಷೆಯ ನಡುಕ. ಮೇಜಿನ ಹಿಂದೆ ಪರೀಕ್ಷಕರು, ಸುತ್ತ ಮೌನ, ಹೆಸರು ಕರೆದ ತಕ್ಷಣ ಎದ್ದು ನಿಂತು ಒಬ್ಬರೇ ಕಟಾ ಮಾಡಬೇಕು. ತರಗತಿಯಲ್ಲಿ ಪಕ್ಕದವರನ್ನು ನೋಡಿಕೊಂಡು ಸಾಗಿಸಿದವರೆಲ್ಲ ಇಲ್ಲಿ ಸಿಕ್ಕಿಬೀಳುತ್ತಾರೆ. ಒತ್ತಡದಲ್ಲಿ ಕೈಕಾಲು ಮಾತು ಕೇಳುತ್ತವೆಯೇ ಎಂದು ತಿಳಿಯಲು ಇದಕ್ಕಿಂತ ಸುರಕ್ಷಿತ ದಾರಿ ನನಗಂತೂ ಕಂಡಿಲ್ಲ.

ವಿರೋಧ: ಹಂತ ಬೇಕು, ಅದನ್ನು ಸೊಂಟಕ್ಕೆ ಕಟ್ಟಬೇಕಿಲ್ಲ

ಇತೊಸು ಅಂಕೊ ಅವರ ಉದಾಹರಣೆ ನಮ್ಮ ಕಡೆಗೇ ವಾಲುತ್ತದೆ. ಐದು ಕಟಾಗಳ ಕ್ರಮ ಹಾಕಿಕೊಟ್ಟವರಿಗೆ ಐದು ಬಣ್ಣಗಳು ಬೇಕಾಗಲಿಲ್ಲ. ಗೋಜು ರ್ಯು ಶೈಲಿಯನ್ನು ಕಟ್ಟಿದ ಮಿಯಾಗಿ ಚೋಜುನ್ ತಮ್ಮ ಶಿಷ್ಯರಲ್ಲಿ ಯಾರಿಗೂ ಡಾನ್ ಕೊಡದೆಯೇ 1953ರಲ್ಲಿ ತೀರಿಕೊಂಡರು. ಅದರಿಂದ ಅವರ ಶಿಷ್ಯರ ಕರಾಟೆ ಸೊರಗಲಿಲ್ಲ.

ಬೆಲ್ಟ್ ಅಳತೆಗೋಲು ಎನ್ನುತ್ತಾರೆ. ಯಾರ ಅಳತೆ? ಬಣ್ಣಗಳ ಕ್ರಮವೇ ಶೈಲಿಯಿಂದ ಶೈಲಿಗೆ, ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಕ್ಯೋಕುಶಿನ್ ಶೈಲಿಯ ಎಷ್ಟೋ ಡೋಜೊಗಳಲ್ಲಿ (ತರಬೇತಿ ಶಾಲೆಗಳಲ್ಲಿ) ಶೋಡಾನ್ ಬೇಕಿದ್ದರೆ ಒಬ್ಬರಾದ ಮೇಲೊಬ್ಬರಂತೆ ಹತ್ತು ಮಂದಿಯ ಜೊತೆ ಪೆಟ್ಟು ತಿಂದು ಕಾದಾಡಬೇಕು. ಇನ್ನೊಂದು ಕಡೆ ಅದೇ ಕಪ್ಪು ಬೆಲ್ಟಿಗೆ ಅಚ್ಚುಕಟ್ಟಾದ ಒಂದು ಕಟಾ ಮತ್ತು ಒಂದೆರಡು ಸುತ್ತು ಲಘು ಕುಮಿಟೆ ಸಾಕು. ಎರಡೂ ತಪ್ಪಲ್ಲ, ಅವರವರ ಗುರಿ ಬೇರೆ. ಆದರೆ ಹೊರಗಿನವರಿಗೆ ಎರಡೂ ಒಂದೇ ಬೆಲ್ಟ್.

ಇದಕ್ಕಿಂತ ದೊಡ್ಡ ತಕರಾರು ಪರೀಕ್ಷಕರ ಬಗ್ಗೆ. ಕೆಳಗಿನ ಕ್ಯುಗಳಲ್ಲಿ ಬಹಳಷ್ಟು ಸಲ ಕಲಿಸಿದವರೇ ಪರೀಕ್ಷೆ ಮಾಡುತ್ತಾರೆ, ಶುಲ್ಕವನ್ನೂ ಅವರೇ ತೆಗೆದುಕೊಳ್ಳುತ್ತಾರೆ. ಫೇಲ್ ಮಾಡಿದರೆ ಮುಂದಿನ ತಿಂಗಳು ಆ ಹುಡುಗ ಬರುವುದಿಲ್ಲ, ಅವನ ತಂಗಿಯೂ ಬರುವುದಿಲ್ಲ. ಹೀಗಿರುವಾಗ ಎಂಥ ಪ್ರಾಮಾಣಿಕ ಗುರುವಿನ ಕೈಯೂ ಮೆತ್ತಗಾಗುತ್ತದೆ. ಕ್ರಮೇಣ ಒಂದು ಬಣ್ಣ ಎರಡಾಗುತ್ತದೆ, ನಡುವೆ ಪಟ್ಟಿ ಹಚ್ಚಿದ ಬೆಲ್ಟ್ ಬರುತ್ತದೆ, ಪ್ರತಿ ಪಟ್ಟಿಗೂ ಒಂದು ಪರೀಕ್ಷೆ. ಪೋಷಕರೂ ಇದರಲ್ಲಿ ಪಾಲುದಾರರೇ. ಮಗ ಏನು ಕಲಿತ ಎಂದು ಕೇಳುವವರಿಗಿಂತ ಯಾವ ಬೆಲ್ಟ್ ಎಂದು ಕೇಳುವವರೇ ಹೆಚ್ಚು.

ಗೊಹೊನ್, ಇಪ್ಪೊನ್ ಎಂಬ ಏಣಿ ಕಾಗದದ ಮೇಲೆ ಚೆಂದ. ಆದರೆ ಪರೀಕ್ಷೆಯಲ್ಲಿ ಎದುರಾಳಿ ‘ಜೊದಾನ್’ ಎಂದು ಕೂಗಿ ತಲೆಗೆ ಹೊಡೆಯುತ್ತಾನೆ, ‘ಚುದಾನ್’ ಎಂದು ಕೂಗಿ ಎದೆಗೆ ಹೊಡೆಯುತ್ತಾನೆ. ಅಂಕ ಸಿಗುವುದು ಇಂಥ ಮುನ್ಸೂಚನೆಯ ಹೊಡೆತ ತಡೆದಿದ್ದಕ್ಕೆ; ಹಾಗಾಗಿ ತರಗತಿಯ ಸಮಯವೆಲ್ಲ ಅದಕ್ಕೇ ಹೋಗುತ್ತದೆ. ಕಟಾದ ಪಾಡೂ ಇದೇ. ಹೇಯಾನ್ ನಿದಾನ್ ಪಾಸಾದ ಮರುದಿನದಿಂದ ಹೇಯಾನ್ ಸಾಂದಾನ್ ಶುರು. ಹಿಂದಿನದರ ಒಂದೊಂದು ಚಲನೆಯನ್ನು ಜೊತೆಗಾರನ ಮೇಲೆ ಪ್ರಯೋಗಿಸಿ ನೋಡುವ ಬುಂಕಾಯ್‌ಗೆ ವ್ಯವಧಾನವೇ ಇರುವುದಿಲ್ಲ.

ಮಕ್ಕಳ ಕಪ್ಪು ಬೆಲ್ಟ್ ಬಗ್ಗೆ ಬೇರೆಯೇ ಹೇಳಬೇಕು. ಹಿಡಿತದ ಕಾದಾಟವಾದ ಬ್ರೆಜಿಲಿಯನ್ ಜಿಯು-ಜಿಟ್ಸುವಿನ ಅಂತರರಾಷ್ಟ್ರೀಯ ಒಕ್ಕೂಟದ ನಿಯಮದಂತೆ 19 ವರ್ಷ ತುಂಬದೆ ಬ್ಲ್ಯಾಕ್ ಬೆಲ್ಟ್ ಇಲ್ಲ. ಚಿಕ್ಕವರಿಗೆ ಪ್ರತ್ಯೇಕ ಬಣ್ಣಗಳಿವೆ. ಕರಾಟೆಯ ಕೆಲವು ಸಂಸ್ಥೆಗಳು ಜೂನಿಯರ್ ಡಾನ್ ಎಂದು ಬೇರೆಯಾಗಿಯೇ ಕೊಡುತ್ತವೆ. ಅದು ವಾಸಿ. ಉಳಿದೆಡೆ ಹತ್ತು ವರ್ಷದ ಮಗು ಕಪ್ಪು ಬೆಲ್ಟ್ ಕಟ್ಟಿಕೊಂಡು ಓಡಾಡುತ್ತದೆ. ತನಗಿಂತ ಎರಡು ಪಟ್ಟು ತೂಕದವರು ಹಿಡಿದುಕೊಂಡರೆ ಏನಾಗುತ್ತದೆಂದು ಅದಕ್ಕೆ ಯಾರೂ ಹೇಳಿರುವುದಿಲ್ಲ. ಆತ್ಮವಿಶ್ವಾಸ ಬೆಳೆಯುತ್ತದೆ ಎಂಬ ಸಮಜಾಯಿಷಿ ನನ್ನನ್ನು ಇನ್ನಷ್ಟು ಹೆದರಿಸುತ್ತದೆ.

ಇನ್ನು ಗೆಲುವು ಸೋಲು ತೀರ್ಮಾನವಾಗುವ ಅಂಗಣಕ್ಕೆ ಬನ್ನಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕರಾಟೆ ಮೊದಲ ಬಾರಿ ಸ್ಪರ್ಧೆಯಾಗಿ ಬಂತು. ಅಲ್ಲಿ ಕುಮಿಟೆಗೆ ಇಳಿದವರ ಸೊಂಟದಲ್ಲಿ ಇದ್ದದ್ದು ಕೆಂಪು ಅಥವಾ ನೀಲಿ ಬೆಲ್ಟ್, ಯಾರು ಯಾವ ಕಡೆಯವರು ಎಂದು ಗುರುತಿಸಲು ಮಾತ್ರ. ಎಷ್ಟನೇ ಡಾನ್ ಎಂದು ಅಂಪೈರ್ ಕೇಳುವುದಿಲ್ಲ.

ಬೆಲ್ಟ್ ತೆಗೆದರೆ ಜನ ಬಿಟ್ಟುಹೋಗುತ್ತಾರೆಂಬ ಭಯ ಬೇಡ. ಬಾಕ್ಸಿಂಗ್ ಕಲಿಯುವವರು ಬಣ್ಣವಿಲ್ಲದೆಯೇ ವರ್ಷಗಟ್ಟಲೆ ಬೆವರು ಸುರಿಸುತ್ತಾರೆ. ತೀರಾ ಬೇಕೇ ಬೇಕು ಎನ್ನುವವರು ಬಿಳಿ ಮತ್ತು ಕಪ್ಪು ಎರಡನ್ನೇ ಇಟ್ಟುಕೊಳ್ಳಲಿ. ಯಾರಿಗೆ ಯಾವ ಕಟಾ ಆಯಿತು, ಯಾರನ್ನು ಯಾರ ಜೊತೆ ಬಿಡಬಹುದು ಎಂಬುದು ಗುರುವಿನ ಪುಸ್ತಕದಲ್ಲಿ ಇದ್ದರೆ ಸಾಕು. ಕಪ್ಪಿನ ಪರೀಕ್ಷೆ ವಯಸ್ಕರಿಗೆ ಮಾತ್ರ ಇರಲಿ, ಅಂದು ಕಲಿಸಿದವರು ಪರೀಕ್ಷಕರ ಮೇಜಿನಿಂದ ದೂರ ಕೂರಲಿ.